ಬಲಗಡೆಯ ಕೆಳಮೂಲೆ

ಕೊಲ್ಹಾಪುರದಿಂದ ಬಂದ ಪೆಟ್ಟಿಗೆ ಬಿಚ್ಚಿ ಮನೀಷಾ ಎರಡು ಲೆನ್ಸುಗಳನ್ನು ಸ್ಟುಡಿಯೋದ ಗಾಜಿನ ಕೌಂಟರಿನ ಮೇಲೆ ಇಟ್ಟಳು. ಒಂದು ದಪ್ಪ, ಚಹಾದಂಗಡಿಯ ದೊಡ್ಡ ಗ್ಲಾಸಿನಷ್ಟು. ಇನ್ನೊಂದು ಗಿಡ್ಡ, ತಂಬಾಕು ತಿನ್ನುವವರ ಸುಣ್ಣದ ಡಬ್ಬಿಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ಎರಡರ ಮೇಲೂ ಬರೆದ ನಂಬರು ಇಪ್ಪತ್ತೆಂಟು. ಅಂದರೆ ಎರಡೂ ಒಂದೇ ಅಗಲವನ್ನು ನೋಡುವಂಥವು. ದಪ್ಪನೆಯದಕ್ಕೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಗಿಡ್ಡನೆಯದಕ್ಕೆ ಬೆಳಕು ಬೇಕು.

ಕಳಿಸಿದವನು ರಾವಸಾಹೇಬ ಮಾಮಾ. ಹಳೆಯ ಕ್ಯಾಮೆರಾ ಕೊಂಡು ಮಾರುವ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವ ಮುದುಕ. ಮನೀಷಾಳ ಗಂಡ ಸಂಜಯ ಬದುಕಿದ್ದಾಗಿನಿಂದಲೂ ಪರಿಚಯ. ಪೆಟ್ಟಿಗೆ ಮುಟ್ಟಿತೇ ಅಂತ ಕೇಳಲು ಅವನೇ ಫೋನ್ ಮಾಡಿದ.

"ಹದಿನೈದ ದಿವಸ ಇಟ್ಕೋ ಪೋರಿ. ಎರಡೂ ಹಚ್ಚಿ ನೋಡು. ಯಾವುದು ಪಸಂದ ಬರತೈತಿ ಅದು ನಿಂದು, ಇನ್ನೊಂದು ತಿರುಗಿ ಕಳಸು. ಬದಲಿಗೆ ನಿನ್ನ ಆ ತೋಪ ನನಗ ಕೊಟ್ಟಬಿಡು."

ತೋಪು ಅಂದರೆ ಆಕೆಯ ಉದ್ದನೆಯ ಝೂಮ್ ಲೆನ್ಸು. ದೂರ ನಿಂತು ಹತ್ತಿರದ್ದನ್ನು ತೆಗೆಯುವಂಥದು. ಚಿಕ್ಕೋಡಿ ಸುತ್ತಲಿನ ಮದುವೆಗಳಲ್ಲಿ ಆರು ವರ್ಷದಿಂದ ಅದೇ ಆಕೆಯ ಅನ್ನ. ಸ್ಟೇಜಿನ ಮೇಲೆ ಕ್ಯಾಮೆರಾ ಹಿಡಿದು ನಿಲ್ಲುವವನು ಜೊತೆಯ ವಿಡಿಯೋದವನಾದ ಮಲಕಾರಿ. ಕೆಳಗೆ, ಕುರ್ಚಿಗಳ ಮೊದಲ ಸಾಲಿನ ಬದಿಗೆ, ತೋಪು ಹಿಡಿದು ನಿಲ್ಲುವವಳು ಮನೀಷಾ. ಸಂಜಯ ಇದ್ದಾಗಲೂ ಹೀಗೇ ಇತ್ತು, ಆಗ ಮೇಲೆ ಅವನಿರುತ್ತಿದ್ದ. ಅವನು ಹೋದ ಮೇಲೆ ನೀನು ಮೇಲೆ ಹತ್ತಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಲಿ ಅಂತ ಆಕೆಯೂ ಕಾಯಲಿಲ್ಲ. ಕುಂಕುಮ ಇಲ್ಲದ ಹಣೆ ಮದುಮಗಳ ಎದುರಿಗೆ ಎಷ್ಟು ದೂರದಲ್ಲಿರಬೇಕು ಎಂಬ ಲೆಕ್ಕ ಈ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ತೋಪು ಆ ದೂರಕ್ಕೆ ಹೇಳಿ ಮಾಡಿಸಿದಂತಿತ್ತು. ಆಕೆಯ ಫೋಟೋಗಳಲ್ಲಿ ಮದುಮಗಳ ಮುಖ ಮೂಗುತಿಯ ಹರಳು ಎಣಿಸುವಷ್ಟು ಹತ್ತಿರ ಬರುತ್ತಿತ್ತು; ಹಿಂದಿನದೆಲ್ಲ ಬಣ್ಣದ ನೀರಿನಂತೆ ಕಲಸಿ ಹೋಗುತ್ತಿತ್ತು. ಜನ ಹೊಗಳುತ್ತಿದ್ದರು.

ಈಗ ಅವಳದೇ ಮಗಳ ಮದುವೆಗೆ ಇಪ್ಪತ್ತು ದಿನ ಉಳಿದಿತ್ತು.

ಮಗಳು ಪ್ರಾಜಕ್ತಾ ನಿಪ್ಪಾಣಿಯ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸದಲ್ಲಿದ್ದಾಳೆ. ಹುಡುಗ ಜುಗೂಳದ ವಿಶಾಲ. ಹೊಳೆದಂಡೆಯ ಕಬ್ಬಿನ ಹೊಲದವರು, ಒಳ್ಳೆಯ ಜನ. ಮಾತುಕತೆಗೆಲ್ಲ ಓಡಾಡಿದವರು ಸಂಜಯನ ಅಣ್ಣ ಅಣ್ಣಾಸಾಬ ಮತ್ತು ಅವನ ಹೆಂಡತಿ ಸುಂದರಾ. ಕನ್ಯಾದಾನಕ್ಕೆ ಕೂಡುವವರೂ ಅವರೇ. ಅದನ್ನು ಯಾರೂ ತೀರ್ಮಾನ ಮಾಡಲಿಲ್ಲ. ಅದರ ಬಗ್ಗೆ ಮಾತೂ ಆಗಲಿಲ್ಲ. ಯಾರು ಯಾರು ಏನೇನು ನೋಡಿಕೊಳ್ಳಬೇಕು ಎಂಬ ಪಟ್ಟಿ ಹೇಳುತ್ತ ಅಣ್ಣಾಸಾಬ, ಮನೀಷಾ ಊಟದ ಹಾಲ್ ನೋಡಿಕೊಳ್ಳಲಿ, ಅಡಿಗೆಯವರ ಮೇಲೆ ಮನೆಯ ಕಣ್ಣೊಂದು ಬೇಕು ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಊಟದ ಹಾಲ್ ಕೆಳಮಹಡಿಯಲ್ಲಿತ್ತು. ಅಕ್ಕಿಕಾಳು ಬೀಳುವುದು, ಅಂದರೆ ಮುಹೂರ್ತದ ಅಕ್ಷತೆ, ಮೇಲಿನ ಮಹಡಿಯಲ್ಲಿ.

ಆವತ್ತು ಮನೀಷಾ ಎಲ್ಲದಕ್ಕೂ ಹೂಂ ಅಂದವಳು ಕೊನೆಗೆ, ಅಕ್ಕಿಕಾಳಿನ ಹೊತ್ತಿಗೆ ನಾನು ಫೋಟೋ ತೆಗೆಯುತ್ತೇನೆ ಅಂದಳು. ಸುಂದರಾ ಅಚ್ಚರಿಪಟ್ಟಳು. ಹುಡುಗನ ಕಡೆಯವರು ಸಾಂಗ್ಲಿಯಿಂದ ಫೋಟೋದವರನ್ನು ಕರೆಸುತ್ತಿದ್ದಾರಲ್ಲ, ಡ್ರೋನ್ ಕೂಡ ತರುತ್ತಾರಂತೆ, ಇನ್ನೊಂದು ಕ್ಯಾಮೆರಾ ಯಾಕೆ ಅಂತ ಕೇಳಿದಳು.

"ನನ್ನ ದೊಡ್ಡ ಕ್ಯಾಮೆರಾ ಅಲ್ಲ ಅಕ್ಕಾ. ಮನಿಯವರ ಸಣ್ಣ ಕ್ಯಾಮೆರಾ ಐತಲ್ಲ, ಅದರಾಗ ಒಂದ ನಾಕ ತಗೀತೀನಿ."

ಮದುಮಗಳ ಸತ್ತ ತಂದೆಯ ಕ್ಯಾಮೆರಾ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆ ಕ್ಯಾಮೆರಾವನ್ನು ಸಂಜಯ ಹಠ ಹಿಡಿದು ಕೊಂಡದ್ದು. ಸೆಕೆಂಡ್ ಹ್ಯಾಂಡ್. ಡಿಜಿಟಲ್ಲೇ, ಆದರೆ ನೋಡಲು ಅಜ್ಜನ ಕಾಲದ್ದರಂತೆ ಇತ್ತು. ಮದುವೆಗೆ ಅದನ್ನು ಅವನು ಮುಟ್ಟುತ್ತಿರಲಿಲ್ಲ. ಕೆಲಸವಿಲ್ಲದ ದಿನ ರಾಯಬಾಗದ ಕಡೆ ಹೊಲಗಳಲ್ಲಿ ಕುರಿ ತರುಬಿ ಬೀಡುಬಿಟ್ಟ ಕುರುಬರ ಹತ್ತಿರ ಹೋಗಿ ಕೂಡುತ್ತಿದ್ದ. ಬೇರೆ ಕ್ಯಾಮೆರಾಗಳಂತೆ ಇದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಮೇಲೆ ಎಡಗಡೆ ಪುಟ್ಟ ಕಿಟಕಿಯೊಂದಿದೆ, ಅದಕ್ಕೆ ಕಣ್ಣು ಹಚ್ಚಬೇಕು. ಕಿಟಕಿಯೊಳಗೆ ಬಿಳಿ ಗೆರೆಗಳ ಚೌಕಟ್ಟು, ಅದರೊಳಗೆ ಬಂದದ್ದು ಫೋಟೋದಲ್ಲಿ ಬರುತ್ತದೆ. ನಟ್ಟನಡುವೆ ಉಗುರಿನಷ್ಟು ಜಾಗದಲ್ಲಿ ಎಲ್ಲ ಎರಡೆರಡಾಗಿ ಕಾಣುತ್ತದೆ: ಒಂದು ಮೂಗು, ಪಕ್ಕದಲ್ಲಿ ಅದರ ದೆವ್ವದಂಥ ಇನ್ನೊಂದು ಮೂಗು. ಲೆನ್ಸಿನ ಬಳೆ ತಿರುಗಿಸುತ್ತ ಎರಡೂ ಒಂದರ ಮೇಲೊಂದು ಕೂತಾಗ ಗುಂಡಿ ಒತ್ತಬೇಕು. ಸದ್ದು ಬಾಗಿಲಿನ ಚಿಲಕ ಸರಿಸಿದಷ್ಟು. ಆರು ವರ್ಷ ಅದು ಕಪಾಟಿನಲ್ಲಿ ಕೂತಿತ್ತು. ಸಂಜಯನ ಲೆನ್ಸು ಐವತ್ತು ನಂಬರಿನದು. ಅದೊಂದೇ ಇತ್ತು.

ಮನೀಷಾ ಮದುವೆಯ ಹಾಲ್‌ಗೆ ಹೋಗಿ ಸ್ಟೇಜನ್ನು ಹೆಜ್ಜೆ ಹಾಕಿ ಅಳೆದಿದ್ದಳು. ಮಂಟಪದ ಎಡಗಂಬಕ್ಕೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಸಂದಿ ಇತ್ತು. ಸಾಂಗ್ಲಿಯವರ ಸ್ಟ್ಯಾಂಡುಗಳು ಎದುರಿಗೆ ಬರುತ್ತವೆ, ಆ ಸಂದಿ ಅವರಿಗೆ ಬೇಡ. ಅಲ್ಲಿಂದ ಮದುಮಗಳಿಗೆ ನಾಲ್ಕೂವರೆ ಅಡಿ. ಐವತ್ತರಲ್ಲಿ ನೋಡಿದರೆ ಒಂದು ಮುಖ ಹಿಡಿಸಿ ಮುಗಿಯಿತು. ಹುಡುಗಿಯೂ ಬೇಕು, ನೀರೆರೆಯುವ ಕೈಗಳೂ ಬೇಕು, ಭಟ್ಟರೂ ಬೇಕು, ಮೇಲಿನ ಮಾವಿನೆಲೆಯೂ ಬೇಕು ಅಂದರೆ ಅಗಲವಾಗಿ ನೋಡುವ ಲೆನ್ಸು ಬೇಕು. ಉದ್ದ ಚಾಚಿಕೊಂಡರೆ ಭಟ್ಟರ ಮಂಡೆಗೆ ತಾಗುತ್ತದೆ, ಆದ್ದರಿಂದ ಗಿಡ್ಡದಿರಬೇಕು. ಇದೆಲ್ಲವನ್ನೂ ಆಕೆ ರಾವಸಾಹೇಬ ಮಾಮಾನಿಗೆ ವಿವರಿಸಿದ್ದಳು. ಒಂದನ್ನು ಮಾತ್ರ ಹೇಳಿರಲಿಲ್ಲ. ಮಗಳ ಕೈ ಬೇರೆಯವರ ಕೈಗೆ ಹೋಗುವ ಹೊತ್ತಿಗೆ ನಾನು ಅಲ್ಲಿರಬೇಕು, ಅಲ್ಲಿರಲು ನನ್ನ ಹತ್ತಿರ ಇದೊಂದೇ ನೆಪ ಇದೆ ಅಂತ.

ಪ್ರಾಜಕ್ತಾ ರವಿವಾರ ಮನೆಗೆ ಬಂದಾಗ ತಾಯಿ ಗಿಡ್ಡ ಲೆನ್ಸು ಹಚ್ಚಿಕೊಂಡು ಅಡಿಗೆಮನೆಯ ಡಬ್ಬಿಗಳ ಫೋಟೋ ತೆಗೆಯುತ್ತಿದ್ದಳು. ನಂತರ ದಪ್ಪನೆಯದು. ನಂತರ ಮತ್ತೆ ಗಿಡ್ಡ.

"ನನ್ನ ಧಾರಿ ಸೀರಿ ಆರಸಾಕ ನೀ ಅರ್ಧಾ ತಾಸ ತಗೊಂಡಿದ್ದಿ ಅವ್ವಾ," ಅಂದಳು ಪ್ರಾಜಕ್ತಾ. "ಇದಕ್ಕ ವಾರ ಆತು. ಮದಿವಿ ನಂದೋ, ಈ ಲೆನ್ಸಿಂದೋ?"

ಮನೀಷಾ ನಕ್ಕು, ನಿನ್ನ ಸೀರೆ ಕಣ್ಣಿಗೆ ಬಿತ್ತು ಮನಸ್ಸಿಗೆ ಬಂತು, ಇದು ಹಾಗಲ್ಲ ಅಂತ ಏನೋ ಹೇಳಿದಳು. ಮಗಳು ಕ್ಯಾಮೆರಾ ಎತ್ತಿ ಅದರ ಕಿಟಕಿಗೆ ಕಣ್ಣು ಹಚ್ಚಿ ತಾಯಿಯನ್ನೇ ನೋಡಿದಳು. ಬಳೆ ತಿರುಗಿಸಿದಳು. ಇಬ್ಬಿಬ್ಬರಾಗಿದ್ದ ತಾಯಿ ಒಬ್ಬಳಾದಳು.

"ನೀ ಎಲ್ಲಿ ನಿಂದರಾಕಿ?" ಕಣ್ಣು ತೆಗೆಯದೆ ಕೇಳಿದಳು.

"ನಿನ್ನ ಎಡಗಡೆ ಕಂಬದ ಬಾಜೂಕ."

"ದೊಡ್ಡವ್ವಗ ಹೇಳೀಯೇನು?"

"ಫೋಟೋ ತಗೀತೀನಿ ಅಂತ ಹೇಳೀನಿ."

ಪ್ರಾಜಕ್ತಾ ಕ್ಯಾಮೆರಾ ಕೆಳಗಿಟ್ಟಳು. ನೀನೇ ಕನ್ಯಾದಾನಕ್ಕೆ ಕೂಡು ಅಂತ ಆಕೆ ಹಟ ಮಾಡಬಹುದಿತ್ತು. ಓದಿದ ಹುಡುಗಿ, ಮಾಡಿದರೆ ನಡೆಯುತ್ತಲೂ ಇತ್ತೇನೋ. ಆದರೆ ಆರು ವರ್ಷ ಈ ಮನೆಗೆ ಹೆಗಲು ಕೊಟ್ಟ ಅಣ್ಣಾಸಾಬನನ್ನು ಜನರೆದುರು ಸಣ್ಣವನನ್ನಾಗಿ ಮಾಡುವುದು ಇಬ್ಬರಿಗೂ ಆಗುವ ಮಾತಲ್ಲ. ಮಗಳು ತಾಯಿಯ ಮುಖ ನೋಡಿದಳು, ತಾಯಿ ಲೆನ್ಸು ಒರೆಸಿದಳು. ಸಂಜೆಯ ಬಸ್ಸಿಗೆ ಪ್ರಾಜಕ್ತಾ ನಿಪ್ಪಾಣಿಗೆ ಹೋದಳು. ಮದುವೆಗೆ ಮುಂಚೆ ಇನ್ನೊಮ್ಮೆ ಬರುತ್ತಾಳೆ, ಆಮೇಲೆ ಬರುವುದು ನೆಂಟರಂತೆ. ಬಸ್ ಸ್ಟ್ಯಾಂಡಿನಿಂದ ತಿರುಗಿ ಬರುವಾಗ ಮನೀಷಾಳಿಗೆ ಅದು ಹೊಳೆದು, ಸ್ಟುಡಿಯೋದ ಶಟರ್ ಎತ್ತಿದವಳು ಒಳಗೆ ಹೋಗದೆ ಮೆಟ್ಟಿಲ ಮೇಲೇ ಸ್ವಲ್ಪ ಹೊತ್ತು ಕೂತಳು.

ದಪ್ಪನೆಯ ಲೆನ್ಸಿನ ಒಂದು ದೋಷ ಅಷ್ಟೊತ್ತಿಗೆ ಆಕೆಗೆ ಗೊತ್ತಾಗಿತ್ತು. ಅದರ ಮೂತಿ ಕಿಟಕಿಯ ಎದುರಿಗೇ ಚಾಚಿಕೊಳ್ಳುತ್ತದೆ. ಕಣ್ಣು ಹಚ್ಚಿದರೆ ಚೌಕಟ್ಟಿನ ಬಲಗಡೆಯ ಕೆಳಮೂಲೆ ಕಪ್ಪಗೆ, ಅಲ್ಲೇನಿದೆಯೋ ಕಾಣುವುದಿಲ್ಲ. ಆದರೆ ಫೋಟೋದಲ್ಲಿ ಅದು ಬರುತ್ತದೆ. ಗಿಡ್ಡನೆಯದು ಅಡ್ಡ ಬರುವುದಿಲ್ಲ. ಅದರ ದೋಷ ಬೇರೆ. ಕ್ಯಾಮೆರಾ ಹಳೆಯದಾದ್ದರಿಂದ ಮಬ್ಬಿನಲ್ಲಿ ಗಿಡ್ಡನೆಯದನ್ನು ಹಚ್ಚಿದರೆ ಚಿತ್ರ ರವೆ ಉದುರಿಸಿದಂತೆ ಕಾಳುಕಾಳಾಗುತ್ತದೆ, ಕೈ ಅಲುಗಿದರೆ ಕಲಸಿಹೋಗುತ್ತದೆ. ರಾವಸಾಹೇಬ ಮಾಮಾನ ಮತ ದಪ್ಪನೆಯದಕ್ಕೇ ಇತ್ತು. ಮೂಲೆಯಲ್ಲಿ ಏನು ಮಹಾ ಇರುತ್ತದೆ, ಅಂದಾಜಿನ ಮೇಲೆ ತೆಗಿ, ಮದುವೆ ಹಾಲ್ ಅಂದರೆ ಮಬ್ಬೇ ಅಂತ ಹೇಳಿದ್ದ. ಮನೀಷಾಳೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದಳು.

ಕಬ್ಬೂರಿನಲ್ಲಿ ಒಂದು ಹಳದಿ ಕಾರ್ಯಕ್ರಮದ ಕೆಲಸ ಬಂತು. ಸರಿತಾ ಎಂಬವಳ ಮಗಳ ಮದುವೆಗೆ ಇನ್ನೂ ನಾಲ್ಕು ದಿನವಿತ್ತು, ಮನೆಯ ಪಡಸಾಲೆಯಲ್ಲೇ ಅರಿಷಿಣ ಹಚ್ಚುವುದು. ಮನೀಷಾ ದೊಡ್ಡ ಕ್ಯಾಮೆರಾದ ಜೊತೆಗೆ ಸಣ್ಣದನ್ನೂ ಕೊರಳಿಗೆ ಹಾಕಿಕೊಂಡು ಹೋದಳು, ದಪ್ಪ ಲೆನ್ಸು ಹಚ್ಚಿ. ಪಡಸಾಲೆಗೆ ಒಂದೇ ಬಾಗಿಲು, ಒಂದು ಟ್ಯೂಬ್‌ಲೈಟು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಶುರುವಾಗುವ ಮುಂಚೆ ಆಕೆ ಯಾವಾಗಲೂ ಮಾಡುವ ಕೆಲಸವೊಂದಿದೆ. ಚೌಕಟ್ಟು ಸ್ವಚ್ಛ ಮಾಡುವುದು. ಬಾಗಿಲಲ್ಲಿನ ಚಪ್ಪಲಿ, ಪ್ಲಾಸ್ಟಿಕ್ ಕೊಡ, ಗೋಡೆಗೆ ಒರಗಿಸಿದ ಕಸಬರಿಗೆ, ಚಾರ್ಜಿಗೆ ಹಾಕಿದ ಫೋನು, ಎಲ್ಲವನ್ನೂ ಸರಿಸಿದಳು. ಆಗ ಸರಿತಾ ಹತ್ತಿರ ಬಂದು, ದನಿ ತಗ್ಗಿಸಿ, ನಮ್ಮ ಅತ್ತೆ ಅಲ್ಲೇ ಕೂತಿದ್ದಾರೆ, ಫೋಟೋದಲ್ಲಿ ಬಂದರೆ ಹುಡುಗನ ಕಡೆಯವರು ಏನಾದರೂ ಅಂದಾರು, ನೀವೇ ಒಂದು ಮಾತು ಹೇಳಿರಿ, ನೀವು ಹೇಳಿದರೆ ಅವರಿಗೆ ಬೇಜಾರಾಗುವುದಿಲ್ಲ ಅಂದಳು.

ಇದು ಹೊಸದಲ್ಲ. ಆರು ವರ್ಷದಲ್ಲಿ ಎಷ್ಟೋ ಮನೆಗಳಲ್ಲಿ ಎಷ್ಟೋ ಸರಿತಾಗಳು ಆಕೆಯ ಕಿವಿಯಲ್ಲಿ ಇದನ್ನೇ ಹೇಳಿದ್ದಾರೆ. ಗಂಡ ಸತ್ತ ಮುದುಕಿಗೆ ಸರಿದು ಕೂಡು ಅನ್ನಲು ಗಂಡ ಸತ್ತ ಇನ್ನೊಬ್ಬಳ ಬಾಯೇ ಅನುಕೂಲ. ಮನೀಷಾ ಅದನ್ನು ಬಹಳ ಚೆನ್ನಾಗಿ ಹೇಳುತ್ತಿದ್ದಳು. ನಗುತ್ತ, ಭುಜ ಮುಟ್ಟಿ, ಬೆಳಕಿನ ನೆಪ ಹೇಳಿ. ಆವತ್ತೂ ಹಾಗೇ ಹೋಗಿ ಬಗ್ಗಿ, ಆಯಿ, ಇಲ್ಲಿ ನೆರಳು ಬೀಳುತ್ತದೆ, ಸ್ವಲ್ಪ ಕಂಬದ ಆಚೆ ಕೂಡುತ್ತೀರೇನು ಅಂದಳು. ಗೌರಾಬಾಯಿ ಎಂಬ ಆ ಎಪ್ಪತ್ತೈದರ ಮುದುಕಿ ಆಕೆಯ ಹಣೆ ನೋಡಿದಳು, ಕೈಯ ಕ್ಯಾಮೆರಾ ನೋಡಿದಳು, ಆತು ತಂಗಿ ಅಂದು ಮೊಣಕಾಲಿಗೆ ಕೈಕೊಟ್ಟು ಎದ್ದಳು. ಮನೀಷಾ ಆಮೇಲೆ ಆ ಕಡೆ ನೋಡಲಿಲ್ಲ.

ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದದ್ದು ಮರುದಿನ ಮುಂಜಾನೆ. ದಪ್ಪ ಲೆನ್ಸು ಮಾತು ಉಳಿಸಿಕೊಂಡಿತ್ತು. ಟ್ಯೂಬ್‌ಲೈಟಿನ ಸತ್ತ ಬೆಳಕಿನಲ್ಲೂ ಅರಿಷಿಣ ಹೊಳೆಯುತ್ತಿತ್ತು. ಒಂದಾದ ಮೇಲೊಂದು ನೋಡುತ್ತ ಹೋದವಳು ಒಂದು ಫೋಟೋದ ಮೇಲೆ ನಿಂತಳು. ಮದುಮಗಳು ಕಣ್ಣುಮುಚ್ಚಿ ಮುಖವೆತ್ತಿದ್ದಾಳೆ, ಸುತ್ತ ಏಳೆಂಟು ಹೆಂಗಸರು ನಗುತ್ತಿದ್ದಾರೆ, ಒಬ್ಬಳ ಬಳೆ ಜಾರಿ ಮೊಣಕೈವರೆಗೆ ಬಂದಿದೆ. ಬಲಗಡೆಯ ಕೆಳಮೂಲೆಯಲ್ಲಿ ಗೌರಾಬಾಯಿ. ಯಾವಾಗ ತಿರುಗಿ ಬಂದು ಕೂತಿದ್ದಳೋ. ಮೊಮ್ಮಗಳ ಕಾಲಿಗೆ ಒಂದು ಮೊಳ ದೂರದಲ್ಲಿ, ಸೆರಗು ಬಾಯಿಯಿಂದ ಜಾರಿದೆ, ಬಾಯಿ ಅರೆತೆರೆದಿದೆ. ಆಕೆ ಹಾಡುತ್ತಿದ್ದಳು. ಮನೀಷಾ ನೆನಪು ಮಾಡಿಕೊಂಡಳು: ಹೌದು, ಆಗ ಒಂದು ದನಿ ಎಲ್ಲರಿಗಿಂತ ಹಳೆಯದಾಗಿ, ಪದ ತಪ್ಪದೆ ಹಾಡನ್ನು ಎಳೆದುಕೊಂಡು ಹೋಗುತ್ತಿತ್ತು. ಕೇಳಿಸಿತ್ತು. ಯಾರದೆಂದು ನೋಡಿರಲಿಲ್ಲ. ನೋಡಿದ್ದರೂ ಲೆನ್ಸಿನ ಮೂತಿ ಮುಚ್ಚಿತ್ತು.

ಆ ದಿನದ ಎಲ್ಲ ಫೋಟೋಗಳಿಗಿಂತ ಅದು ಚೆನ್ನಾಗಿ ಬಂದಿತ್ತು. ಸಂಜಯ ಇದ್ದಿದ್ದರೆ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಿದ್ದ. ತೋರಿಸಲು ಈಗ ಯಾರೂ ಇರಲಿಲ್ಲ. ಮಲಕಾರಿಗೆ ತೋರಿಸಿದರೆ ಫೋಕಸ್ ಚಲೋ ಐತಿ ಅಂದಾನು, ಅಷ್ಟೇ.

ಆರಿಸಲು ಕಳಿಸಿದ ಫೋಟೋಗಳಲ್ಲಿ ಅದನ್ನೂ ಸೇರಿಸಿದ್ದಳು. ಮಧ್ಯಾಹ್ನ ಸರಿತಾ ಫೋನ್ ಮಾಡಿ, ಅದೊಂದು ಬಹಳ ಚಂದ ಬಂದಿದೆ, ಗೋಡೆಗೆ ಹಾಕುವಂಥದ್ದು, ಮೂಲೆಯಷ್ಟು ಕತ್ತರಿಸಿ ಕೊಡಿ ಅಂದಳು. ಸಿಟ್ಟಿಲ್ಲ, ಸಂಕೋಚವಿಲ್ಲ, ಸೀರೆಯ ದಾರ ಎದ್ದಿದೆ ಕತ್ತರಿಸಿ ಅನ್ನುವ ಹಾಗೆ.

ಮೂಲೆ ಕತ್ತರಿಸುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಮನೀಷಾ ಫೋಟೋವನ್ನು ಇದ್ದಂತೆಯೇ ಪ್ರಿಂಟ್ ತೆಗೆದು, ಚೀಲದಲ್ಲಿಟ್ಟುಕೊಂಡು ಕಬ್ಬೂರಿನ ಬಸ್ಸು ಹತ್ತಿದಳು. ಮುದುಕಿಗೊಂದು ಪ್ರತಿ ಗುಟ್ಟಾಗಿ ಕೊಡೋಣ, ಖುಷಿಪಡಲಿ ಅನ್ನುವುದು ಆಕೆಯ ಎಣಿಕೆ. ದಾರಿಯುದ್ದಕ್ಕೂ ತನ್ನ ಬಗ್ಗೆ ತನಗೇ ಒಂದು ಒಳ್ಳೆಯ ಭಾವನೆ ಇತ್ತು.

ಗೌರಾಬಾಯಿ ದನದ ಕೊಟ್ಟಿಗೆಯ ಬದಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ಸೊಸೆ ಮನೆಯಲ್ಲಿರಲಿಲ್ಲ. ಮುದುಕಿ ಫೋಟೋ ಹಿಡಿದು ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಮೊಮ್ಮಗಳ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಮೂಲೆಗೆ ಬಂದಳು.

"ನಾ ಇದ್ದದ್ದ ಕಂಡ ತಗದೀಯೋ, ಕಾಣಲಾರದ ತಗದೀಯೋ?"

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಅವು ನಿನ್ನೆಯಷ್ಟೇ ಆಕೆಯ ಹಣೆ ನೋಡಿ ಎದ್ದು ಹೋದವಳ ಕಣ್ಣುಗಳು.

"ಕಾಣಲಿಲ್ಲ ಆಯಿ. ಲೆನ್ಸ ಅಡ್ಡ ಬಂದಿತ್ತು."

"ಕಂಡಿದ್ರ?"

ಮುದುಕಿ ಕಾಯಿಯೊಂದನ್ನು ಒಡೆದು, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಆಚೆಗೆ ಎಸೆದಳು.

"ಕಂಡಿದ್ರ ಮತ್ತ ಎಬ್ಬಸತಿದ್ದಿ. ನಿಂದೇನ ತಪ್ಪಿಲ್ಲ ಬಿಡು, ನಾನೂ ಭಾಳ ಮಂದೀನ ಎಬ್ಬಿಸೀನಿ, ನಮ್ಮಾವ ಇದ್ದಾಗ." ನಮ್ಮಾವ ಅಂದರೆ ಆಕೆಯ ಗಂಡ. "ಕತ್ತರಸು ಇದನ. ಕಾಣಲಾರದ ಬಂದ ಫೋಟೋದಾಗ ನಾ ಯಾಕ ಇರಲಿ?"

ಇದು ನಿಮಗೆ ಇರಲಿ, ಯಾರಿಗೂ ತೋರಿಸಬೇಡಿ ಅಂತ ಮನೀಷಾ ಎಷ್ಟು ಹೇಳಿದರೂ ಆಕೆ ಪ್ರಿಂಟನ್ನು ಇಟ್ಟುಕೊಳ್ಳಲಿಲ್ಲ. ಬಿರುಸಾಗಿ ಅಲ್ಲ, ಹಸಿವಿಲ್ಲದವರು ತಾಟು ಸರಿಸುವ ಹಾಗೆ ಸರಿಸಿದಳು. ಚಹಾ ಕುಡಿದು ಹೋಗು, ಸರಿತಾ ಬರುತ್ತಾಳೆ ಅಂದಳು. ಮನೀಷಾ ಬಸ್ಸಿನ ನೆಪ ಹೇಳಿ ಹೊರಟಳು. ತಿರುಗಿ ಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಸ್ಸು ಮೂರು ಕಡೆ ನಿಂತಿತು. ನಿಂತಾಗಲೆಲ್ಲ ಆಕೆಗೆ ತಾನು ಎಬ್ಬಿಸಿದವರ ಮುಖ ನೆನಪಿಗೆ ತಂದುಕೊಳ್ಳಬೇಕು ಅನ್ನಿಸಿತು. ಒಂದೂ ಬರಲಿಲ್ಲ. ಅವರ್ಯಾರೂ ಆಕೆಯ ಯಾವ ಫೋಟೋದಲ್ಲೂ ಇರಲಿಲ್ಲ.

ಮರುದಿನ ಮೂಲೆ ಕತ್ತರಿಸಿದಳು. ಮದುಮಗಳು ಸ್ವಲ್ಪ ಬಲಕ್ಕೆ ಸರಿದಂತಾಗಿ ಚೌಕಟ್ಟು ಇನ್ನೂ ಹದವಾಗಿಯೇ ಕೂತಿತು. ಇಲ್ಲಿಂದ ಏನೋ ಹೋಗಿದೆ ಅಂತ ಯಾರಿಗೂ ತಿಳಿಯುವಂತಿರಲಿಲ್ಲ. ಕತ್ತರಿಸದ ಮೂಲ ಫೋಟೋ ಕಂಪ್ಯೂಟರಿನಲ್ಲಿ ಉಳಿದಿತ್ತು. ಇಟ್ಟುಕೊಳ್ಳುವ ಆಸೆಯಿತ್ತು, ಆದರೆ ಇದು ಮುದುಕಿ ಕೊಟ್ಟದ್ದಲ್ಲ, ತಾನು ಕೇಳದೆ ತೆಗೆದುಕೊಂಡದ್ದು ಅನ್ನಿಸಿತು. ಅದನ್ನೂ ಅಳಿಸಿದಳು. ಆಮೇಲೆ ದಪ್ಪ ಲೆನ್ಸನ್ನು ಅದರ ಚರ್ಮದ ಚೀಲದಲ್ಲಿ ಹಾಕಿ, ಹತ್ತಿ ಸುತ್ತಿ, ತೋಪನ್ನೂ ಜೊತೆಗಿಟ್ಟು ಪೆಟ್ಟಿಗೆ ಕಟ್ಟಿದಳು.

ರಾವಸಾಹೇಬ ಮಾಮಾ ನಂಬಲಿಲ್ಲ. ಹಾಲ್‌ನಲ್ಲಿ ಬೆಳಕು ಇರುವುದಿಲ್ಲ, ಸಾಂಗ್ಲಿಯವರು ತಮ್ಮ ಲೈಟು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ, ಕಂಬದ ಸಂದಿಯಲ್ಲಿ ಮಬ್ಬೇ ಮಬ್ಬು. "ಆ ಗಿಡ್ಡ ಅಳತೈತಿ ಪೋರಿ ಅಲ್ಲಿ. ಸ್ವಂತ ಮಗಳ ಮದಿವಿ, ಯಾಕ ಧೋಕಾ ತಗೋತಿ?"

"ಮೂಲಿ ಕಾಣಬೇಕ್ರಿ ಮಾಮಾ."

"ಮೂಲ್ಯಾಗ ಏನ ಇರತೈತಿ?"

"ಯಾರರ ಇರ್ತಾರ," ಅಂದಳು ಮನೀಷಾ. ಆತ, ನಿನ್ನ ಗಂಡನೂ ಹಿಂಗೇ, ಹೇಳಿದ್ದು ಕೇಳುತ್ತಿರಲಿಲ್ಲ ಅಂದು ಫೋನ್ ಇಟ್ಟ.

ಉಳಿದ ದಿನಗಳಲ್ಲಿ ಆಕೆ ಅಲುಗದೆ ನಿಲ್ಲುವುದನ್ನು ಕಲಿತಳು. ಗೋಡೆಗೆ ಭುಜ ಒರಗಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಸೆಕೆಂಡಿನ ಹದಿನೈದರಲ್ಲೊಂದು ಪಾಲು ಹೊತ್ತು. ಲೆಕ್ಕಕ್ಕೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಮಬ್ಬಿನಲ್ಲಿ ಕ್ಯಾಮೆರಾ ಹಿಡಿದವರಿಗೆ ಅದು ಬಹಳ ದೀರ್ಘ. ಮುಂಜಾನೆ ಗಿರಾಕಿ ಇಲ್ಲದಾಗ ಸ್ಟುಡಿಯೋದ ಒಳಕೋಣೆಯಲ್ಲಿ ಖಾಲಿ ಕುರ್ಚಿಯೊಂದನ್ನಿಟ್ಟು ಅದರದೇ ನೂರಾರು ಫೋಟೋ ತೆಗೆದಳು. ಮೊದಮೊದಲು ಎಲ್ಲ ಕಲಸಿಹೋದವು. ಮದುವೆಯ ಹಿಂದಿನ ವಾರಕ್ಕೆ ಹತ್ತರಲ್ಲಿ ಏಳು ಕುರ್ಚಿಗಳು ಸ್ಥಿರವಾಗಿ ಕೂತವು.

ಮದುವೆಯ ದಿನ ಊಟದ ಹಾಲ್‌ನಲ್ಲಿ ಬೆಳಗಿನಿಂದ ನಿಂತಳು. ಅಡಿಗೆಯವರಿಗೆ ಮನೆಯ ಕಣ್ಣು ಬೇಕು ಅಂದದ್ದು ನಿಜವಾಗಿತ್ತು. ಹುಗ್ಗಿಗೆ ಬೆಲ್ಲ ಕಡಿಮೆ ಬಿದ್ದದ್ದನ್ನು ಆಕೆಯೇ ಕಂಡುಹಿಡಿದಳು. ಅಕ್ಕಿಕಾಳು ಹನ್ನೆರಡು ಮೂವತ್ತೈದಕ್ಕೆ. ಹನ್ನೆರಡು ಗಂಟೆಗೆ ಕೈತೊಳೆದು, ಸೆರಗಿಗೆ ಒರೆಸಿ, ಮೆಟ್ಟಿಲು ಹತ್ತಿ ಮೇಲೆ ಹೋದಳು. ಸ್ಟೇಜಿಗೆ ಹಿಂದಿನಿಂದ ಒಂದು ಬಾಗಿಲಿತ್ತು. ಅದರಿಂದ ಬಂದು, ಯಾರಿಗೂ ತಾಗದೆ, ಎಡಗಂಬದ ಸಂದಿಯಲ್ಲಿ ಅಡ್ಡಡ್ಡ ಸೇರಿ ನಿಂತಳು. ಮದುವೆ ನಡೆಯುವಾಗ ಮಂಟಪದ ಹಲಗೆ ಆಕೆಯ ಕಾಲಿಗೆ ತಾಗಿದ್ದು ಆರು ವರ್ಷದಲ್ಲಿ ಇದೇ ಮೊದಲು.

ರಾವಸಾಹೇಬ ಮಾಮಾ ಹೇಳಿದಂತೆ ಅಲ್ಲಿ ಮಬ್ಬಿತ್ತು. ಪ್ರಾಜಕ್ತಾ ತಲೆ ತಗ್ಗಿಸಿ ಕೂತಿದ್ದಳು. ಬಾಸಿಂಗದ ಅಂಚಿನಿಂದ ಆಕೆಯ ಗಲ್ಲ ಮಾತ್ರ ಕಾಣುತ್ತಿತ್ತು. ಅಣ್ಣಾಸಾಬ ಹೊಸ ಧೋತರದಲ್ಲಿ ಬೆವರುತ್ತಿದ್ದ. ಸುಂದರಾ ನೀರಿನ ತಂಬಿಗೆ ಹಿಡಿದಿದ್ದಳು. ಮನೀಷಾ ಕಿಟಕಿಗೆ ಕಣ್ಣು ಹಚ್ಚಿದಳು. ಬಿಳಿ ಗೆರೆಗಳ ಒಳಗೆ ಎಲ್ಲರೂ ಬಂದರು: ಮಗಳು, ಅಳಿಯ, ಅವನ ತಾಯ್ತಂದೆ, ಭಟ್ಟರು, ನೀರೆರೆಯುವವರು, ಮೇಲೆ ಮಾವಿನೆಲೆ. ಯಾವುದೂ ಅಡ್ಡ ಬರಲಿಲ್ಲ. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ನೋಡಿದಳು. ಎಲ್ಲ ಕಡೆ ಯಾರೋ ಇದ್ದರು. ತಾನು ಇರಬಹುದಾದ ಜಾಗ ಯಾವುದಿತ್ತೋ ಅಲ್ಲಿ ಇನ್ನೊಬ್ಬರು ಕೂತು, ತುಂಬಿ, ಚೌಕಟ್ಟು ಪೂರ್ತಿಯಾಗಿತ್ತು. ಒಳ್ಳೆಯ ಫೋಟೋ ಆಗುತ್ತಿತ್ತು. ಅದೇ ಆಕೆಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಭಟ್ಟರು ಹುಡುಗಿಯ ಕೈ ಹಿಡಿಯಲು ಹೇಳಿದರು. ಆಗ ಸಾಂಗ್ಲಿಯ ಫೋಟೋದವನು, ಗಡ್ಡದವನು, ಎದುರಿನಿಂದ ಬಗ್ಗಿ ಬಂದು ಆಕೆಯ ಹತ್ತಿರ ಕೂತ. ನಗುಮುಖ. ದನಿ ತಗ್ಗಿಸಿದ್ದ. ಆಕೆಯ ಮೊಣಕೈ ಮುಟ್ಟಿಯೂ ಮುಟ್ಟದಂತೆ ಕೈ ಇಟ್ಟ.

"ಮಾವಶಿ, ಒಂದ ಹೆಜ್ಜಿ ಹಿಂದ ಸರೀತೀರೇನ್ರಿ? ನೆರಳ ಬೀಳಾಕತ್ತೈತಿ."

ಅವನು ಹೇಳಿದ್ದು ಸುಳ್ಳು, ಅಲ್ಲಿ ನೆರಳು ಬೀಳಲು ಬೆಳಕೇ ಇರಲಿಲ್ಲ. ಎಷ್ಟು ಚೆನ್ನಾಗಿ ಹೇಳುತ್ತಾನೆ ಅಂದುಕೊಂಡಳು ಮನೀಷಾ. ಒಂದು ಹೆಜ್ಜೆ ಹಿಂದೆ ಅಂದರೆ ಬಾಗಿಲು, ಬಾಗಿಲಾಚೆ ಮೆಟ್ಟಿಲು. ಆಕೆಯ ಕಾಲು, ಅಭ್ಯಾಸಬಲದಿಂದ, ಆಗಲೇ ಅರ್ಧ ಎದ್ದಿತ್ತು. ಅದನ್ನು ಮತ್ತೆ ಹಲಗೆಯ ಮೇಲೆ ಊರಿದಳು.

"ನಾ ಹುಡುಗಿ ಅವ್ವ ಅದೀನಿ."

ಅವನು ಗಲಿಬಿಲಿಗೊಂಡು ಆಕೆಯ ಮುಖವನ್ನೂ ಸುಂದರಾಳ ಮುಖವನ್ನೂ ನೋಡಿದ. ಹಾಗಾದರೆ ಎಲ್ಲ ಫೋಟೋದಲ್ಲಿ ನೀವು ಬರುತ್ತೀರಿ, ಕ್ಯಾಮೆರಾ ಹಿಡಿದುಕೊಂಡು ಬರುತ್ತೀರಿ, ಚಂದ ಕಾಣುವುದಿಲ್ಲ ಅಂದ.

"ಬರ್ತೀನಿ," ಅಂದಳು.

ಸುಂದರಾ ಕೇಳಿಸಿಕೊಂಡಳು. ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯ ಎಡ ಮೊಣಕೈ ಒಂದಿಷ್ಟು ಕೆಳಗಿಳಿಯಿತು, ಅದರ ಹಿಂದೆ ಅಡಗಿದ್ದ ಪ್ರಾಜಕ್ತಾಳ ಬೆರಳುಗಳು ಕಂಡವು. ಬೇಕೆಂದು ಇಳಿಸಿದಳೋ, ತಂಬಿಗೆ ಭಾರವಾಯಿತೋ ಗೊತ್ತಾಗಲಿಲ್ಲ. ಪ್ರಾಜಕ್ತಾಳ ಗಲ್ಲ ಕಂಬದ ಕಡೆ ಕೂದಲೆಳೆಯಷ್ಟು ತಿರುಗಿತು.

ಮಂತ್ರ ಏರಿತು. ಮನೀಷಾ ಕಂಬಕ್ಕೆ ಭುಜ ಒರಗಿಸಿದಳು. ನಡುವಿನ ಚೂರು ಜಾಗದಲ್ಲಿ ಮಗಳ ಅಂಗೈ ಎರಡಾಗಿ ಕಾಣುತ್ತಿತ್ತು. ಬಳೆ ತಿರುಗಿಸಿದಳು, ಎರಡೂ ಒಂದಾದವು. ತಂಬಿಗೆ ಬಾಗಿತು. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಉಸಿರು ಹಿಡಿದಳು. ನೀರು ಅಣ್ಣಾಸಾಬನ ಬೆರಳ ಮೇಲಿಂದ ಪ್ರಾಜಕ್ತಾಳ ಬೆರಳಿಗೆ, ಅಲ್ಲಿಂದ ವಿಶಾಲನ ಬೆರಳಿಗೆ ಇಳಿಯಿತು. ಗುಂಡಿ ಒತ್ತಿದಳು, ಚಿಲಕ ಸರಿಸಿದಷ್ಟು ಸದ್ದು. ಅಷ್ಟು ಹೊತ್ತೂ ಆಕೆಯೊಳಗೆ ಏನೂ ಅಲುಗಲಿಲ್ಲ, ಅಲುಗಗೊಡಲಿಲ್ಲ. ಉಸಿರು ಬಿಟ್ಟಾಗ ನಡುವಿನ ನಾಲ್ಕೂವರೆ ಅಡಿ ಹಾಗೇ ಇತ್ತು, ಮಗಳು ಬೇರೆ ಮನೆಯವಳಾಗಿದ್ದಳು.